ಕ್ಲಚ್ ಪ್ಲೇಟ್ ಮನೆಯಲ್ಲೇ ಬದಲಿಸುವುದು: ಕಡಿಮೆ ಬೆಲೆಯ ಸಾಮಾನು, ಸರಿಯಾದ ಕೆಲಸ

ಹೆಬ್ಬಾಳ ಫ್ಲೈಓವರ್ ಏರುವಾಗ ನನಗೆ ಮೊದಲ ಸಲ ಅನುಮಾನ ಬಂತು. ಹಿಂದೆ ತಮ್ಮ ಕೂತಿದ್ದ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದೆ. ಎಂಜಿನ್ ಜೋರಾಗಿ ಕೂಗಿತು, ಬೈಕ್ ಮಾತ್ರ ಮುಂದೆ ಹೋಗಲಿಲ್ಲ. ಮೂರು ಜನರನ್ನು ಕೂರಿಸಿಕೊಂಡ ಆಟೋ ನಮ್ಮನ್ನು ದಾಟಿ ಹೋಯಿತು. "ಅಣ್ಣಾ, ಏನೋ ಸುಟ್ಟ ವಾಸನೆ ಬರ್ತಿದೆ" ಅಂದ ತಮ್ಮ. ನನ್ನ 150 ಸಿಸಿ ಬೈಕ್ ಆಗ 46,000 ಕಿ.ಮೀ. ಓಡಿತ್ತು. ಕ್ಲಚ್ ಪ್ಲೇಟ್ ಮುಗಿದಿತ್ತು.

ಬೆಂಗಳೂರಿನಲ್ಲಿ ಬೈಕ್ ಓಡಿಸುವವರಿಗೆ ಇದು ಇವತ್ತಲ್ಲ ನಾಳೆ ಬರುವ ಖರ್ಚು. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಹೆಬ್ಬಾಳ ಎಲ್ಲೇ ಹೋಗಿ, ಗಾಡಿ ಹತ್ತಡಿ ಹೋಗುತ್ತದೆ, ನಿಲ್ಲುತ್ತದೆ. ನಾವು ಕ್ಲಚ್ಚನ್ನು ಪೂರ್ತಿ ಬಿಡದೆ, ಪೂರ್ತಿ ಹಿಡಿಯದೆ ಹಾಫ್ ಕ್ಲಚ್ಚಲ್ಲೇ ತೆವಳುತ್ತೇವೆ. ಅಷ್ಟು ಹೊತ್ತೂ ಒಳಗೆ ಪ್ಲೇಟುಗಳು ಒಂದರ ಮೇಲೊಂದು ಉಜ್ಜುತ್ತಿರುತ್ತವೆ. ಹೈವೇಯಲ್ಲಿ ಓಡುವ ಅದೇ ಬೈಕಿನ ಕ್ಲಚ್ ಇದಕ್ಕಿಂತ ಎಷ್ಟೋ ಹೆಚ್ಚು ದಿನ ಬಾಳುತ್ತದೆ.

ಈ ಕೆಲಸವನ್ನು ಮನೆಯ ಮುಂದೆಯೇ ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದು. ಕಂಪನಿಯ ಡಬ್ಬಿಯಲ್ಲಿ ಬರುವ ಪ್ಲೇಟೇ ಆಗಬೇಕು ಅಂತಿಲ್ಲ. ಒಳ್ಳೆಯ ಹೆಸರಿನ ಬೇರೆ ತಯಾರಕರ ಪ್ಲೇಟ್ ಸಾಕು. ನಾನು ಎರಡು ಸಲ ಹಾಕಿದ್ದೇನೆ. ಮೊದಲ ಸಲ ಕೆಟ್ಟಿತು, ಎರಡನೇ ಸಲ ಚೆನ್ನಾಗಿ ಬಾಳಿತು. ಪ್ಲೇಟಿನಲ್ಲಿ ಹಣ ಉಳಿಸಿ, ಆಯಿಲ್, ಪ್ಯಾಕಿಂಗ್ (ಎಂಜಿನ್ ಕವರಿನ ಸಂದಿಯಿಂದ ಆಯಿಲ್ ಸೋರದಂತೆ ಹಾಕುವ ಗ್ಯಾಸ್ಕೆಟ್) ಮತ್ತು ತಾಳ್ಮೆಯಲ್ಲಿ ಉಳಿಸಬೇಡಿ. ಆ ಎರಡು ಸಲದಿಂದ ನಾನು ಕಲಿತದ್ದು ಇಷ್ಟೇ.

ಒಂದು ಮಾತು ಮೊದಲೇ ಹೇಳುತ್ತೇನೆ. ಇದು ಗೇರ್ ಇರುವ, ಎಂಜಿನ್ ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್ ಇರುವ ಬೈಕುಗಳಿಗೆ. ಸ್ಪ್ಲೆಂಡರ್, ಶೈನ್, ಯೂನಿಕಾರ್ನ್, ಪಲ್ಸರ್, ಎಫ್‌ಝಡ್ ಎಲ್ಲ ಈ ಜಾತಿಯವೇ. ಆಕ್ಟಿವಾ ತರದ ಗೇರ್ ಇಲ್ಲದ ಸ್ಕೂಟರಿನ ಕ್ಲಚ್ ಬೇರೆಯದೇ ರೀತಿ. ಅದಕ್ಕೆ ಇಲ್ಲಿನ ಯಾವ ಮಾತೂ ಹೊಂದುವುದಿಲ್ಲ.

ನಿಜವಾಗಿ ಪ್ಲೇಟ್ ಹೋಗಿದೆಯಾ?

ಸಾಮಾನು ಕೊಳ್ಳುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಖಾಲಿ ರಸ್ತೆಯಲ್ಲಿ ಟಾಪ್ ಗೇರಿಗೆ ಹಾಕಿ, ನಲವತ್ತರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಕೊಡಿ. ಎಂಜಿನ್ ಶಬ್ದವೂ ಬೈಕಿನ ವೇಗವೂ ಒಟ್ಟಿಗೆ ಏರಬೇಕು. ಶಬ್ದ ಮಾತ್ರ ಏರಿ, ವೇಗ ನಿಧಾನಕ್ಕೆ ಹಿಂಬಾಲಿಸಿದರೆ ಕ್ಲಚ್ ಜಾರುತ್ತಿದೆ. ಏರು ರಸ್ತೆಯಲ್ಲಿ ಎಳೆತ ಇಲ್ಲದಿರುವುದು, ಮೈಲೇಜ್ ಬೀಳುವುದು, ಆಯಿಲ್ ಮುಚ್ಚಳ ತೆಗೆದರೆ ಸುಟ್ಟ ವಾಸನೆ ಬರುವುದು, ಇವೂ ಅದೇ ಕಥೆ ಹೇಳುತ್ತವೆ.

ಆದರೆ ಕ್ಲಚ್ ಜಾರಲು ಇನ್ನೂ ಎರಡು ಕಾರಣಗಳಿವೆ. ಎರಡನ್ನೂ ಎಂಜಿನ್ ಬಿಚ್ಚದೇ ನೋಡಬಹುದು.

ಮೊದಲನೆಯದು ಕೇಬಲ್. ಕ್ಲಚ್ ಲಿವರಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಬಿಗಿ ಶುರುವಾಗುವ ಮೊದಲು ಅದು ಸ್ವಲ್ಪ ಸಡಿಲವಾಗಿ ಆಡಬೇಕು. ಬಹಳಷ್ಟು ಬೈಕುಗಳಿಗೆ ಈ ಆಟ 10ರಿಂದ 20 ಮಿಲಿಮೀಟರ್. ನಿಮ್ಮ ಬೈಕಿನ ಲೆಕ್ಕ ಓನರ್ಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಆಟವೇ ಇಲ್ಲ ಅಂದರೆ ನೀವು ಕೈ ಬಿಟ್ಟಿದ್ದರೂ ಕೇಬಲ್ ಕ್ಲಚ್ಚನ್ನು ಅರ್ಧ ಹಿಡಿದಂತೆಯೇ ಇರುತ್ತದೆ. ಅಡ್ಜಸ್ಟರ್ ನಾಲ್ಕು ಸುತ್ತು ತಿರುಗಿಸಿದರೆ ಕೆಲಸ ಮುಗಿಯಬಹುದು.

ಎರಡನೆಯದು ಆಯಿಲ್. ಇತ್ತೀಚೆಗೆ ಆಯಿಲ್ ಬದಲಿಸಿದ ಮೇಲೆಯೇ ಜಾರಲು ಶುರುವಾಯಿತಾ? ಹಾಗಾದರೆ ಕಾರಿನ ಆಯಿಲ್ ಹಾಕಿರುವ ಸಾಧ್ಯತೆ ಇದೆ. ಕಾರಿನ ಆಯಿಲ್‌ಗಳಲ್ಲಿ ಹಲವಕ್ಕೆ ಇಂಧನ ಉಳಿಸಲೆಂದು ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಕಾರಿನಲ್ಲಿ ಕ್ಲಚ್ ಆಯಿಲ್‌ನಿಂದ ಹೊರಗಿರುತ್ತದೆ, ಅದಕ್ಕೆ ತೊಂದರೆ ಇಲ್ಲ. ನಮ್ಮ ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ಚಿಗೆ ಬೇಕಿರುವುದೇ ಘರ್ಷಣೆ. ಹಾಗಾಗಿ ಡಬ್ಬಿಯ ಹಿಂದೆ ಜಾಸೊ ಎಂಎ ಅಥವಾ ಎಂಎ2 (ಇಂಥ ಕ್ಲಚ್ಚಿಗೆ ಹೊಂದುವ ಆಯಿಲ್ ಅಂತ ಹೇಳುವ ಜಪಾನಿನ ಗುರುತು) ಅಂತ ಇದೆಯಾ ನೋಡಿ. ಇದ್ದರೆ ಮಾತ್ರ ತೆಗೆದುಕೊಳ್ಳಿ.

ಇದಕ್ಕೆ ಉಲ್ಟಾ ತೊಂದರೆಯೂ ಉಂಟು. ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಬೀಳುವುದಿಲ್ಲ. ಆಗ ಪ್ಲೇಟ್ ಸವೆದಿಲ್ಲ, ಒಂದಕ್ಕೊಂದು ಬಿಡುತ್ತಿಲ್ಲ. ಕೇಬಲ್ ಸಡಿಲ, ಸ್ಟೀಲ್ ಪ್ಲೇಟ್ ಸೊಟ್ಟ, ಇಲ್ಲವೇ ಪ್ಲೇಟುಗಳು ಕೂರುವ ಬಟ್ಟಲಿನಂಥ ಹೌಸಿಂಗ್‌ನಲ್ಲಿ ಗೀರು ಬಿದ್ದಿದೆ. ಹೌಸಿಂಗ್ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ನನ್ನ ಮೊದಲ ಸೋಲು ಅಲ್ಲೇ ಇತ್ತು.

ಒಳಗೆ ಏನಿದೆ

ಒಂದು ಅಗಲವಾದ ಬಟ್ಟಲು ಊಹಿಸಿಕೊಳ್ಳಿ. ಅದರ ಅಂಚಿನ ಸುತ್ತ ಉದ್ದುದ್ದ ಗಾಟುಗಳು, ಅಂದರೆ ಸೀಳುಗಳು. ಇದು ಕ್ಲಚ್ ಹೌಸಿಂಗ್. ಎಂಜಿನ್ ಇದನ್ನು ತಿರುಗಿಸುತ್ತದೆ. ಮಧ್ಯದಲ್ಲಿ ಹಲ್ಲುಗಳಿರುವ ಹಬ್ ಇದೆ. ಅದು ಗೇರ್ ಶಾಫ್ಟಿಗೆ ಸೇರಿದ್ದು. ಇವೆರಡರ ನಡುವೆ ಫ್ರಿಕ್ಷನ್ ಪ್ಲೇಟ್ (ಘರ್ಷಣೆ ಕೊಡುವ ತುಂಡುಗಳನ್ನು ಅಂಟಿಸಿದ್ದು), ಸ್ಟೀಲ್ ಪ್ಲೇಟ್, ಮತ್ತೆ ಫ್ರಿಕ್ಷನ್, ಮತ್ತೆ ಸ್ಟೀಲ್ ಅಂತ ಜೋಡಿಸಿರುತ್ತಾರೆ. ಫ್ರಿಕ್ಷನ್ ಪ್ಲೇಟಿನ ಕಿವಿಗಳು ಹೊರಗಿನ ಬಟ್ಟಲಿಗೆ ಸಿಕ್ಕಿರುತ್ತವೆ. ಸ್ಟೀಲ್ ಪ್ಲೇಟಿನ ಹಲ್ಲುಗಳು ಒಳಗಿನ ಹಬ್ಬಿಗೆ. ಸ್ಪ್ರಿಂಗುಗಳು ಎಲ್ಲವನ್ನೂ ಒಟ್ಟಿಗೆ ಒತ್ತಿ ಹಿಡಿದಾಗ ಬಟ್ಟಲು ಮತ್ತು ಹಬ್ ಒಂದಾಗಿ ತಿರುಗುತ್ತವೆ, ಬೈಕ್ ಓಡುತ್ತದೆ. ನೀವು ಲಿವರ್ ಹಿಡಿದಾಗ ಸ್ಪ್ರಿಂಗಿನ ಒತ್ತಡ ಬಿಡುತ್ತದೆ, ಪ್ಲೇಟುಗಳು ಬೇರೆಯಾಗುತ್ತವೆ. ಇಷ್ಟು ಮನಸ್ಸಿನಲ್ಲಿದ್ದರೆ ಕವರ್ ತೆಗೆದಾಗ ಗಾಬರಿ ಆಗುವುದಿಲ್ಲ.

ಸಾಮಾನು ಎಲ್ಲಿ, ಹೇಗೆ ಕೊಳ್ಳಬೇಕು

ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆ ಹೋಗುವ ಜೆ.ಸಿ. ರಸ್ತೆ ನಮ್ಮ ಊರಿನ ಗಾಡಿ ಸಾಮಾನಿನ ಬೀದಿ. ಮೆಟ್ರೋದಲ್ಲಿ ಹೋದರೆ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿಯಿರಿ. ಬೈಕ್ ತೆಗೆದುಕೊಂಡು ಹೋಗಿ ಪಾರ್ಕಿಂಗಿಗೆ ಪರದಾಡಬೇಡಿ. ಟೂಲ್ಸ್ ಬೇಕಿದ್ದರೆ ಎಸ್.ಜೆ.ಪಿ. ರಸ್ತೆ ಪಕ್ಕದಲ್ಲೇ ಇದೆ. ವಾರದ ದಿನ ಬೆಳಿಗ್ಗೆ ಹೋದರೆ ಅಂಗಡಿಯವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ.

ಸಾಧ್ಯವಾದರೆ ಹಳೆಯ ಪ್ಲೇಟ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ಒಂದೇ ಹೆಸರಿನ ಬೈಕಿನಲ್ಲೂ ವರ್ಷದಿಂದ ವರ್ಷಕ್ಕೆ ಪ್ಲೇಟಿನ ಅಳತೆ, ಸಂಖ್ಯೆ ಬದಲಾಗಿರುತ್ತದೆ. ಕೌಂಟರಿನಲ್ಲಿ ಹಳೆಯದನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು ಕಿವಿಗೆ ಕಿವಿ ಹೊಂದುತ್ತದಾ ನೋಡಿ. ಬಿಚ್ಚುವ ಮೊದಲೇ ಕೊಳ್ಳಬೇಕು ಅಂದರೆ ಆರ್‌ಸಿಯಲ್ಲಿರುವ ತಯಾರಾದ ತಿಂಗಳು, ವರ್ಷ ಬರೆದುಕೊಂಡು ಹೋಗಿ. ತಪ್ಪಾದರೆ ವಾಪಸ್ ಕೊಡಬಹುದಾ ಅಂತ ಮೊದಲೇ ಕೇಳಿಕೊಳ್ಳಿ.

ಈಗ ನನ್ನ ಮೊದಲ ಸಲದ ಕಥೆ. ಒಂದು ಅಂಗಡಿಯಲ್ಲಿ ಹೆಸರಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಸೆಟ್ ಕೊಟ್ಟರು. "ಇದೂ ಕಂಪನಿದೇ ಸಾರ್, ಬಾಕ್ಸ್ ಇಲ್ಲ ಅಷ್ಟೇ. ಅರ್ಧ ರೇಟು" ಅಂದರು. ನಂಬಿದೆ. ಬಿಲ್ ಕೇಳಲಿಲ್ಲ. ಐದು ತಿಂಗಳಿಗೆ ಕ್ಲಚ್ ಮತ್ತೆ ಜಾರತೊಡಗಿತು. ಬಿಚ್ಚಿ ನೋಡಿದರೆ ಎರಡು ಪ್ಲೇಟಿನ ಮೇಲಿನ ಫ್ರಿಕ್ಷನ್ ತುಂಡುಗಳು ಅಂಟು ಬಿಟ್ಟು ಎದ್ದಿದ್ದವು. ಒಂದು ತುಂಡು ಆಯಿಲ್‌ನ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು. ಆಯಿಲ್ ಪಂಪಿಗೆ ದಾರಿ ಕಟ್ಟಿದ್ದರೆ ಎಂಜಿನ್ನೇ ಹೋಗುತ್ತಿತ್ತು. ಇನ್ನೂರೈವತ್ತು ರೂಪಾಯಿ ಉಳಿಸಲು ಹೋಗಿ ಅಷ್ಟು ದೊಡ್ಡ ಅಪಾಯ ತಂದುಕೊಂಡಿದ್ದೆ.

ಕಡಿಮೆ ಬೆಲೆ ಬೇರೆ, ಹೆಸರಿಲ್ಲದ ಮಾಲು ಬೇರೆ. ಬೈಕ್ ಕಂಪನಿಗಳಿಗೆ ಕ್ಲಚ್ ಮಾಡಿಕೊಡುವ ತಯಾರಕರೇ ತಮ್ಮ ಹೆಸರಿನಲ್ಲೂ ಬಿಡಿಭಾಗ ಮಾರುತ್ತಾರೆ. ಬಜಾಜ್‌ಗೆ ಕ್ಲಚ್ ಕೊಡುವ ಎಂಡ್ಯೂರೆನ್ಸ್ ಹೀಗೆ ಮಾರುತ್ತದೆ. ಇದಲ್ಲದೆ ಬಿಡಿಭಾಗದ ಮಾರುಕಟ್ಟೆಗೆಂದೇ ಪ್ಲೇಟ್ ಮಾಡುವ ಒಳ್ಳೆಯ ಹೆಸರಿನವರೂ ಇದ್ದಾರೆ. ಇಂಥ ಡಬ್ಬಿ ತೆಗೆದುಕೊಳ್ಳಿ. ಎರಡನೇ ಸಲ ನಾನು ಅಂಥದ್ದೇ ತಂದೆ. ಫ್ರಿಕ್ಷನ್ ಪ್ಲೇಟ್ ಸೆಟ್ ಮತ್ತು ನಾಲ್ಕು ಸ್ಪ್ರಿಂಗ್ ಸೇರಿ 540 ರೂಪಾಯಿ ಆಯಿತು.

ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು ಮತ್ತು ವರ್ಷ, ದೂರು ಹೇಳಲು ಫೋನ್ ನಂಬರ್ ಇರಬೇಕು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಇದು ಕಡ್ಡಾಯ. ಇದರಲ್ಲಿ ಒಂದು ಕಾಣದಿದ್ದರೂ ಡಬ್ಬಿ ಕೆಳಗಿಟ್ಟುಬಿಡಿ. ಆಮೇಲೆ ಒಳಗಿನ ಪ್ಲೇಟ್ ಕೈಗೆ ತೆಗೆದುಕೊಳ್ಳಿ. ಫ್ರಿಕ್ಷನ್ ತುಂಡುಗಳ ನಡುವಿನ ಗ್ಯಾಪ್ ಒಂದೇ ಸಮ ಇರಬೇಕು. ಅಂಚಿನಲ್ಲಿ ಅಂಟು ಉಕ್ಕಿ ಒಣಗಿರಬಾರದು. ಹೆಬ್ಬೆರಳಿನ ಉಗುರಿನಿಂದ ತುಂಡಿನ ಅಂಚನ್ನು ಮೆಲ್ಲಗೆ ಎತ್ತಿ ನೋಡಿ, ಅಲ್ಲಾಡಬಾರದು. ಕಿವಿಗಳ ಮೇಲೆ ಬೆರಳಾಡಿಸಿ, ಚೂಪು ಮುಳ್ಳುಗಳಿರಬಾರದು. ದಪ್ಪ ಅಳೆಯುವ ವರ್ನಿಯರ್ ಇದ್ದರೆ ಒಂದೇ ಪ್ಲೇಟನ್ನು ಮೂರು ನಾಲ್ಕು ಕಡೆ ಅಳೆಯಿರಿ. ದಪ್ಪದಲ್ಲಿ ವ್ಯತ್ಯಾಸ ಬಂದರೆ ಬೇಡ. ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ದುಡ್ಡು ನಿಮ್ಮದು. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ.

ಇದರ ಜೊತೆಗೆ ಬೇಕಾದವು: ಕ್ಲಚ್ ಕವರಿನ ಪ್ಯಾಕಿಂಗ್, ಕಿಕ್ ಶಾಫ್ಟಿನ ಆಯಿಲ್ ಸೀಲ್, ಒಂದು ಡಬ್ಬಿ ಎಂಜಿನ್ ಆಯಿಲ್. ಪ್ಯಾಕಿಂಗ್ ಮತ್ತು ಸೀಲ್ ಮಾತ್ರ ನಾನು ಕಂಪನಿಯದನ್ನೇ ಕೊಳ್ಳುತ್ತೇನೆ. ಅವುಗಳ ಬೆಲೆಯೇ ಕಡಿಮೆ. ಲೋಕಲ್ ಪ್ಯಾಕಿಂಗ್ ಹಾಕಿ ಆಯಿಲ್ ಸೋರಿದರೆ ಇಡೀ ಕೆಲಸ ಮತ್ತೆ ಮಾಡಬೇಕು. ಸ್ಟೀಲ್ ಪ್ಲೇಟ್ ಮೊದಲೇ ಕೊಳ್ಳಬೇಡಿ. ಹಳೆಯವು ಚೆನ್ನಾಗಿದ್ದರೆ ಅವೇ ಸಾಕು.

ಟೂಲ್ಸ್

8 ಮತ್ತು 10ರ ಟಿ ಸ್ಪ್ಯಾನರ್, ಡ್ರೈನ್ ಬೋಲ್ಟಿಗೆ ಸರಿಯಾದ ರಿಂಗ್ ಸ್ಪ್ಯಾನರ್, ಸರ್ಕ್ಲಿಪ್ ಪ್ಲೇಯರ್, ರಬ್ಬರ್ ಸುತ್ತಿಗೆ, ಅಗಲ ಬಾಯಿಯ ಟಬ್, ಹಳೆಯ ಬನಿಯನ್ ಬಟ್ಟೆ ಬೇಕು. ಮಧ್ಯದ ನಟ್ಟಿಗೆ ವಿಶೇಷ ಸಾಕೆಟ್ ಬೇಕಾಗಬಹುದು. ಇದು ಬೈಕಿನಿಂದ ಬೈಕಿಗೆ ಬೇರೆ.

ಯಾಕೆಂದರೆ ಕ್ಲಚ್ಚುಗಳಲ್ಲಿ ಎರಡು ಬಗೆ. ಒಂದರಲ್ಲಿ ಪ್ರೆಶರ್ ಪ್ಲೇಟ್, ಅಂದರೆ ಸ್ಪ್ರಿಂಗಿನ ಬಲದಿಂದ ಪ್ಲೇಟುಗಳನ್ನು ಒತ್ತುವ ತಟ್ಟೆ, ಹೊರಗಡೆ ಇರುತ್ತದೆ. ಸ್ಪ್ರಿಂಗ್ ಬೋಲ್ಟ್ ಬಿಚ್ಚಿದರೆ ಸಾಕು, ಪ್ಲೇಟುಗಳು ಕೈಗೆ ಬರುತ್ತವೆ. ಇನ್ನೊಂದರಲ್ಲಿ ಪ್ರೆಶರ್ ಪ್ಲೇಟ್ ಹಿಂದುಗಡೆ ಇರುತ್ತದೆ. ಹೋಂಡಾ ಮಾದರಿಯ ಎಂಜಿನ್‌ಗಳಲ್ಲಿ ಇದು ಸಾಮಾನ್ಯ. ಅದರಲ್ಲಿ ಸ್ಪ್ರಿಂಗ್ ತೆಗೆದ ಮೇಲೆ ಮಧ್ಯದ ಸರ್ಕ್ಲಿಪ್ (ಶಾಫ್ಟಿನ ಗಾಟಿನಲ್ಲಿ ಕೂರುವ ಉಕ್ಕಿನ ಬಳೆ) ಅಥವಾ ಗಾಟಿನ ನಟ್ ಕೂಡ ತೆಗೆದು, ಹಬ್ ಸಮೇತ ಎಳೆಯಬೇಕು. ನಿಮ್ಮದು ಯಾವುದು ಅಂತ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಗಾಟಿನ ನಟ್ಟನ್ನು ಉಳಿ, ಸುತ್ತಿಗೆ ಇಟ್ಟು ಹೊಡೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಲೋಹದ ಚೂರು ಎಂಜಿನ್ನಿನೊಳಗೆ ಬೀಳುತ್ತದೆ. ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣನ ಹತ್ತಿರ ಆ ಸಾಕೆಟ್ ಒಂದು ಗಂಟೆಗೆ ಕೇಳಿ ತಂದೆ. ಬಹಳಷ್ಟು ಮೆಕ್ಯಾನಿಕ್‌ಗಳು ಪರಿಚಯ ಇದ್ದರೆ ಕೊಡುತ್ತಾರೆ.

ಬಿಚ್ಚುವುದು

ಎಂಜಿನ್ ತಣ್ಣಗಾಗಿರಲಿ. ಆಯಿಲ್ ಹೇಗೂ ಬದಲಿಸಬೇಕು, ಹಾಗಾಗಿ ಮೊದಲು ಪೂರ್ತಿ ಇಳಿಸಿ. ಸುಟ್ಟ ಪ್ಲೇಟಿನ ಪುಡಿ ಅದರಲ್ಲೇ ಇರುತ್ತದೆ, ಮತ್ತೆ ಬಳಸಬೇಡಿ. ಆಯಿಲ್ ಇಳಿದ ಮೇಲೆ ಡ್ರೈನ್ ಬೋಲ್ಟ್ ಹಾಕಿ, ಬೈಕನ್ನು ಸೈಡ್ ಸ್ಟ್ಯಾಂಡಿಗೆ ನಿಲ್ಲಿಸಿ. ಗಾಡಿ ಎಡಕ್ಕೆ ವಾಲುತ್ತದೆ, ಕ್ಲಚ್ ಇರುವುದು ಬಲಕ್ಕೆ. ಕವರ್ ತೆಗೆದಾಗ ಉಳಿದ ಆಯಿಲ್ ನೆಲಕ್ಕೆ ಸುರಿಯುವುದಿಲ್ಲ. ಹಳೆಯ ಬುಲೆಟ್‌ಗಳಲ್ಲಿ ಮಾತ್ರ ಕ್ಲಚ್ ಎಡಗಡೆ ಇರುತ್ತದೆ.

ಕ್ಲಚ್ ಕೇಬಲನ್ನು ಎಂಜಿನ್ ಕಡೆಯಿಂದ ಬಿಡಿಸಿ. ಕಿಕ್ಕರ್ ಕೂತಿರುವ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಮಾಡಿ, ಬೋಲ್ಟ್ ಪೂರ್ತಿ ಹೊರಗೆ ತೆಗೆದು ಎಳೆಯಿರಿ. ಬೋಲ್ಟ್ ಸಡಿಲ ಮಾಡಿ ಎಳೆದರೆ ಬರುವುದಿಲ್ಲ, ಶಾಫ್ಟಿನ ಗಾಟಿಗೆ ಬೋಲ್ಟ್ ಅಡ್ಡ ಇರುತ್ತದೆ. ಅಡ್ಡ ಬರುವ ಫುಟ್‌ರೆಸ್ಟ್, ಬ್ರೇಕ್ ಪೆಡಲ್, ಕೆಲವು ಬೈಕಿನಲ್ಲಿ ಸೈಲೆನ್ಸರ್ ಕೂಡ ತೆಗೆಯಬೇಕಾಗುತ್ತದೆ.

ಕವರಿನ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೆಗೆದ ಬೋಲ್ಟನ್ನು ಅದರ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡದರ ತೂತಿಗೆ ಹಾಕಿ ಬಿಗಿ ಮಾಡಿದರೆ ಕೇಸಿಂಗ್ ಒಡೆಯುತ್ತದೆ. ಬೋಲ್ಟೆಲ್ಲ ಬಂದ ಮೇಲೆ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಕವರ್ ಬಿಟ್ಟುಕೊಳ್ಳುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಯೂಮಿನಿಯಂ ಮೇಲೆ ಒಂದು ಗೀರು ಬಿದ್ದರೂ ಆ ಜಾಗದಿಂದ ಜೀವಮಾನವಿಡೀ ಆಯಿಲ್ ಜಿನುಗುತ್ತದೆ. ಕವರ್ ಬಂದಾಗ ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಎರಡು ಸಣ್ಣ ಡಾವೆಲ್ ಪಿನ್ ಉದುರಬಹುದು, ನೋಡಿಕೊಂಡು ಎತ್ತಿಡಿ.

ಈಗ ಮೊಬೈಲ್ ತೆಗೆದು ಫೋಟೋ ತೆಗೆಯಿರಿ. ಪ್ರತಿ ಹಂತಕ್ಕೂ ಒಂದು. ಇದು ನನ್ನನ್ನು ಎರಡು ಸಲ ಕಾಪಾಡಿದೆ.

ಸ್ಪ್ರಿಂಗ್ ಬೋಲ್ಟುಗಳನ್ನು ಒಂದೇ ಸಲ ಬಿಚ್ಚಬಾರದು. ಎದುರು ಬದುರಿನವನ್ನು ಅರ್ಧರ್ಧ ಸುತ್ತು ಸಡಿಲ ಮಾಡುತ್ತಾ ಬನ್ನಿ. ಹೊರಗಿನ ಪ್ರೆಶರ್ ಪ್ಲೇಟಿನವರಿಗೆ ಇಲ್ಲಿಗೇ ಪ್ಲೇಟ್ ಸಿಕ್ಕಿತು. ಗಾಟಿನ ನಟ್ ಇರುವವರು ಬೈಕನ್ನು ಟಾಪ್ ಗೇರಿಗೆ ಹಾಕಿ, ಒಬ್ಬರನ್ನು ಕೂರಿಸಿ ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಲು ಹೇಳಿ. ಬ್ರೇಕ್ ಪೆಡಲ್ ಬಿಚ್ಚಬೇಕಾಗಿ ಬಂದಿದ್ದರೆ ಈಗ ಹಾಕಿಕೊಳ್ಳಿ. ಹಬ್ ಗೇರ್ ಶಾಫ್ಟಿಗೆ ಸೇರಿರುವುದರಿಂದ ಅದು ತಿರುಗದೆ ನಿಲ್ಲುತ್ತದೆ, ನಟ್ ಬಿಡುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸ ತಮ್ಮನದು. ನಟ್ಟಿನ ಕೆಳಗಿನ ವಾಷರ್ ಯಾವ ಮುಖ ಹೊರಗಿತ್ತು ಅಂತ ಗಮನಿಸಿ. ಹಲವು ವಾಷರ್‌ಗಳ ಮೇಲೆ ಹೊರಮುಖ ಯಾವುದು ಅಂತ ಅಚ್ಚೊತ್ತಿರುತ್ತದೆ.

ಪ್ಲೇಟುಗಳನ್ನು ಬಂದ ಕ್ರಮದಲ್ಲೇ ಹಳೆಯ ಪೇಪರ್ ಮೇಲೆ ಸಾಲಾಗಿ ಇಡಿ. ಎಣಿಸಿ. ಕೆಲವು ಬೈಕಿನಲ್ಲಿ ಒಂದು ಫ್ರಿಕ್ಷನ್ ಪ್ಲೇಟಿನ ಒಳ ಅಗಲ ಬೇರೆ ಇರುತ್ತದೆ, ಅದರ ಜೊತೆ ತೆಳ್ಳನೆಯ ಒಂದು ಸ್ಪ್ರಿಂಗ್ ರಿಂಗ್ ಇರುತ್ತದೆ. ಅದನ್ನು ಬೇರೆ ಜಾಗಕ್ಕೆ ಹಾಕಿದರೆ ಗಾಡಿ ಬಿಡುವಾಗ ನಡುಗುತ್ತದೆ.

ನೋಡಬೇಕಾದ್ದು

ಇಲ್ಲಿ ಆತುರ ಬೇಡ. ಇಡೀ ಕೆಲಸದಲ್ಲಿ ಮುಖ್ಯವಾದ ಅರ್ಧ ಗಂಟೆ ಇದು.

ಹಳೆಯ ಫ್ರಿಕ್ಷನ್ ಪ್ಲೇಟಿನ ದಪ್ಪ ಅಳೆಯಿರಿ. ಸಣ್ಣ ಬೈಕುಗಳಲ್ಲಿ ಹೊಸದು ಸುಮಾರು 3 ಮಿಲಿಮೀಟರ್ ಇರುತ್ತದೆ. 2.6ರ ಹತ್ತಿರ ಬಂದರೆ ಅದರ ಕಾಲ ಮುಗಿಯಿತು. ನಿಮ್ಮ ಬೈಕಿನ ಸರಿಯಾದ ಮಿತಿ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ನನ್ನವು 2.5ಕ್ಕೆ ಇಳಿದಿದ್ದವು, ಮೇಲೆ ಕನ್ನಡಿ ತರ ಹೊಳೆಯುತ್ತಿದ್ದವು.

ಸ್ಟೀಲ್ ಪ್ಲೇಟುಗಳನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಬೂದು ಬಣ್ಣ ಇದ್ದರೆ ಸರಿ. ನೀಲಿ ಕಲೆ ಇದ್ದರೆ ಅದು ಜಾಸ್ತಿ ಬಿಸಿಯಾಗಿದೆ. ಆಮೇಲೆ ಒಂದೊಂದನ್ನೇ ಕಿಟಕಿಯ ಗಾಜಿನ ತುಂಡಿನ ಮೇಲೆ ಮಲಗಿಸಿ, ಅಂಚನ್ನು ಬೆರಳಿನಿಂದ ಒತ್ತಿ. ಟಕ್ ಟಕ್ ಅಂತ ಅಲ್ಲಾಡಿದರೆ ಸೊಟ್ಟ ಆಗಿದೆ. ಸಂದಿ ಅಳೆಯುವ ಫೀಲರ್ ಗೇಜ್ ಇದ್ದರೆ ಕೆಳಗೆ ತೂರಿಸಿ ನೋಡಿ, 0.2 ಮಿಲಿಮೀಟರ್ ದಾಟಿದರೆ ಬದಲಿಸಿ. ನೀಲಿಯೂ ಇಲ್ಲ, ಸೊಟ್ಟವೂ ಅಲ್ಲ ಅಂದರೆ ಧೈರ್ಯವಾಗಿ ಹಾಕಿ.

ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿದರೆ ಕುಗ್ಗಿದ್ದು ಕಣ್ಣಿಗೇ ಕಾಣುತ್ತದೆ. ಬದಲಿಸಿದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೆಯದು ಎರಡು, ಹೊಸದು ಎರಡು ಅಂತ ಬೆರೆಸಬೇಡಿ.

ಇನ್ನು ಹೌಸಿಂಗ್. ಮೊದಲ ಸಲ ನಾನು ಇದನ್ನು ನೋಡಲೇ ಇಲ್ಲ. ಹೊಸ ಪ್ಲೇಟ್ ಹಾಕಿದ ಮರುದಿನವೇ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಬೀಳದೆ ಒದ್ದಾಡಿದೆ. ಪ್ಲೇಟಿನದೇ ತಪ್ಪು ಅಂದುಕೊಂಡೆ. ಎರಡನೇ ಸಲ ಬಿಚ್ಚಿದಾಗ ಸಾಕೆಟ್ ವಾಪಸ್ ಕೇಳಲು ಬಂದ ಮೆಕ್ಯಾನಿಕ್ ಅಣ್ಣ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ನನ್ನ ತೋರುಬೆರಳು ಹಿಡಿದು ಹೌಸಿಂಗಿನ ಗಾಟಿನ ಗೋಡೆ ಮೇಲೆ ಉಗುರು ಎಳೆಸಿದರು. ಕಟ್, ಕಟ್, ಕಟ್ ಅಂತ ಉಗುರು ಸಿಕ್ಕಿಕೊಳ್ಳುತ್ತಾ ಹೋಯಿತು. "ನೋಡಿ ಸಾರ್, ಕಿವಿ ಇಲ್ಲಿ ಹಲ್ಲು ಕಚ್ಚಿ ಕೂತ್ಕೊಳ್ಳುತ್ತೆ. ನೀವು ಲಿವರ್ ಹಿಡಿದ್ರೆ ಅದು ಜಾರಿ ಬರಬೇಕಲ್ವಾ? ಬರಲ್ಲ" ಅಂದರು. ವರ್ಷಗಟ್ಟಲೆ ಪ್ಲೇಟಿನ ಕಿವಿ ಬಡಿದು ಬಡಿದು ಅಲ್ಲಿ ಸಣ್ಣ ಸಣ್ಣ ಮೆಟ್ಟಿಲು ಬಿದ್ದಿತ್ತು. ಕ್ಲಚ್ ಬಿಡಿಸಿದಾಗ ಪ್ಲೇಟುಗಳು ಆ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತಿದ್ದವು.

ಗೀರು ಬರೀ ಮೇಲ್ಮೈಯಲ್ಲಿದ್ದರೆ ಸಣ್ಣ ಚಪ್ಪಟೆ ಅರದಿಂದ ಎರಡೂ ಬದಿ ಸಮವಾಗಿ ಉಜ್ಜಿ ನುಣುಪು ಮಾಡಬಹುದು. ಉಜ್ಜುವ ಮೊದಲು ಹೌಸಿಂಗ್ ಹೊರಗೆ ತೆಗೆಯಿರಿ. ಆಗದಿದ್ದರೆ ಒಳಗೆಲ್ಲ ಬಟ್ಟೆ ತುರುಕಿ, ಪುಡಿ ಒಂದು ಚೂರೂ ಎಂಜಿನ್ನಿಗೆ ಬೀಳಬಾರದು. ಉಗುರು ಆಳಕ್ಕೆ ಇಳಿಯುವಷ್ಟು ಗೀರು ಇದ್ದರೆ ಅರ ಹಾಕಬೇಡಿ, ಹೌಸಿಂಗ್ ಬದಲಿಸಿ. ಇದಕ್ಕೆ ಖರ್ಚು ಜಾಸ್ತಿ. ಆದರೆ ಹಾಳಾದ ಹೌಸಿಂಗಿಗೆ ಎಂಥ ಒಳ್ಳೆಯ ಪ್ಲೇಟ್ ಹಾಕಿದರೂ ಸುಮ್ನೆ ದಂಡ.

ಕವರ್ ತೆಗೆದಿರುವಾಗಲೇ ಆಯಿಲ್ ಜಾಲರಿ ತೊಳೆದುಬಿಡಿ. ಸ್ಪ್ಲೆಂಡರ್ ತರದ ಎಂಜಿನ್‌ಗಳಲ್ಲಿ ಕ್ಲಚ್ಚಿನ ಪಕ್ಕದಲ್ಲೇ ತಿರುಗುವ ಆಯಿಲ್ ಫಿಲ್ಟರ್ ಇರುತ್ತದೆ. ಮುಚ್ಚಳ ತೆಗೆದರೆ ಒಳಗೆ ಕಪ್ಪು ಮೇಣದ ಹಾಗೆ ಕೊಳೆ ಕಟ್ಟಿರುತ್ತದೆ. ಅದನ್ನೂ ಒರೆಸಿ ತೆಗೆಯಿರಿ. ಆ ಜಾಗ ಮತ್ತೆ ಕಣ್ಣಿಗೆ ಬೀಳುವುದು ಮುಂದಿನ ಕ್ಲಚ್ ಕೆಲಸಕ್ಕೇ.

ಜೋಡಿಸುವುದು

ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಹೊಸ ಎಂಜಿನ್ ಆಯಿಲ್‌ನಲ್ಲಿ ನೆನೆಹಾಕಿ. ಅಗಲವಾದ ಹಳೆಯ ಡಬ್ಬಿ ಸಾಕು. ಒಣ ಪ್ಲೇಟ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿದರೆ ಆಯಿಲ್ ತಲುಪುವಷ್ಟರಲ್ಲಿ ಮೇಲ್ಮೈ ಸುಟ್ಟು ಗಟ್ಟಿಯಾಗುತ್ತದೆ. ಅಂಗಡಿಯಿಂದ ತಂದು ನೇರ ಹಾಕುವುದನ್ನು ಎಷ್ಟೋ ಕಡೆ ನೋಡಿದ್ದೇನೆ. "ಲೋಕಲ್ ಪ್ಲೇಟ್ ಬಾಳಲ್ಲ" ಅನ್ನುವ ದೂರಿನಲ್ಲಿ ಒಂದು ಪಾಲು ಇಲ್ಲಿಂದಲೇ ಬರುತ್ತದೆ ಅನ್ನುವುದು ನನ್ನ ಅನಿಸಿಕೆ.

ಹಳೆಯ ಪ್ಯಾಕಿಂಗ್ ಕೆರೆದು ತೆಗೆಯಲು ಪ್ಲಾಸ್ಟಿಕ್ ತುಂಡು ಬಳಸಿ. ಹಳೆಯ ಎಟಿಎಂ ಕಾರ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡೂ ಮುಖ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹತ್ತಿರ ಬೆಂಕಿ, ಬೀಡಿ, ಸಿಗರೇಟು ಇರಬಾರದು.

ಪ್ಲೇಟ್ ಜೋಡಿಸುವಾಗ ಮೊದಲಿಗೂ ಫ್ರಿಕ್ಷನ್, ಕೊನೆಗೂ ಫ್ರಿಕ್ಷನ್, ನಡುವೆ ಒಂದೊಂದು ಸ್ಟೀಲ್. ಸ್ಟೀಲ್ ಪ್ಲೇಟಿನ ಒಂದು ಬದಿಯ ಅಂಚು ಚೂಪು, ಇನ್ನೊಂದು ಬದಿ ಸ್ವಲ್ಪ ಗುಂಡಗೆ ಇರುತ್ತದೆ. ಎಲ್ಲವೂ ಒಂದೇ ಕಡೆ ಮುಖ ಮಾಡಿರಲಿ. ಕೆಲವು ಹೌಸಿಂಗಿನಲ್ಲಿ ಕೊನೆಯ ಫ್ರಿಕ್ಷನ್ ಪ್ಲೇಟಿಗೆ ಪಕ್ಕದ ಗಿಡ್ಡ ಗಾಟು ಬೇರೆ ಇರುತ್ತದೆ. ಬಿಚ್ಚುವಾಗ ತೆಗೆದ ಫೋಟೋ ಈಗ ನೋಡಿ.

ಹಿಂದುಗಡೆ ಪ್ರೆಶರ್ ಪ್ಲೇಟ್ ಇರುವ ಬಗೆಯಲ್ಲಿ ಒಂದು ಎಚ್ಚರಿಕೆ. ಪ್ರೆಶರ್ ಪ್ಲೇಟಿನ ಹಲ್ಲುಗಳು ಹಬ್ಬಿನ ಗಾಟಿನಲ್ಲಿ ಪೂರ್ತಿ ಕೂರಬೇಕು. ಅರ್ಧ ಕೂತರೂ ನೋಡಲು ಸರಿಯಾಗಿಯೇ ಕಾಣುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದ ಮೇಲೆ ಫ್ರಿಕ್ಷನ್ ಪ್ಲೇಟುಗಳನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. ಸಡಿಲ ಆಡಿದರೆ ಹಲ್ಲು ಕೂತಿಲ್ಲ, ಬಿಚ್ಚಿ ಮತ್ತೆ ಕೂರಿಸಿ. ಹೊಸ ಪ್ಲೇಟ್ ಹಾಕಿದ ಮೇಲೂ ಗಾಡಿ ಅಲ್ಲಾಡದೆ ನಿಂತರೆ ಬಹಳ ಸಲ ಕಾರಣ ಇದೇ.

ಸರ್ಕ್ಲಿಪ್ ಆದರೆ ಗಾಟಿನಲ್ಲಿ ಸುತ್ತಲೂ ಕೂತಿದೆಯಾ ಅಂತ ಸ್ಕ್ರೂಡ್ರೈವರ್ ತುದಿಯಿಂದ ತಿರುಗಿಸಿ ನೋಡಿ. ನಟ್ ಆದರೆ ಮ್ಯಾನುಯಲ್ ಹೇಳಿದ ಟಾರ್ಕಿಗೆ, ಅಂದರೆ ತಿರುಚುವ ಬಲದ ಅಳತೆಗೆ, ಬಿಗಿ ಮಾಡಿ. ಸ್ಪ್ರಿಂಗ್ ಬೋಲ್ಟುಗಳು ಸಣ್ಣವು, 6 ಮಿಲಿಮೀಟರಿನವಕ್ಕೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಗಿಡ್ಡ ಹಿಡಿಯ ಸ್ಪ್ಯಾನರ್‌ನಿಂದ ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ನಿಂತಲ್ಲಿ ನಿಲ್ಲಿಸಿ. ತೋಳಿನ ಬಲ ಹಾಕಬೇಡಿ. ಆ ಬೋಲ್ಟ್ ಕೂರುವ ಕಂಬ ಅಲ್ಯೂಮಿನಿಯಂನದು, ಮುರಿಯುತ್ತದೆ.

ಡಾವೆಲ್ ಪಿನ್ ಹಾಕಿ, ಹೊಸ ಪ್ಯಾಕಿಂಗ್ ಒಣದಾಗಿಯೇ ಕೂರಿಸಿ. ಮೇಲೆ ಸಿಲಿಕಾನ್ ಪೇಸ್ಟ್ ಮೆತ್ತುವುದು ಬೇಡ. ಹೊರಗೆ ಉಕ್ಕಿದ್ದು ಒಳಗೂ ಉಕ್ಕಿ, ಆಯಿಲ್ ದಾರಿಗೆ ಸಿಕ್ಕಿಕೊಳ್ಳುತ್ತದೆ. ಕಿಕ್ ಶಾಫ್ಟ್ ಸೀಲಿನ ತುಟಿಗೆ ಒಂದು ಹನಿ ಆಯಿಲ್ ಸವರಿ ಕವರ್ ತಳ್ಳಿ. ಕವರ್ ಕೈಯೊತ್ತಿಗೇ ಪೂರ್ತಿ ಕೂರಬೇಕು. ಕೂರದಿದ್ದರೆ ಬೋಲ್ಟ್ ಬಿಗಿದು ಎಳೆದುಕೊಳ್ಳಬೇಡಿ. ಒಳಗೆ ಏನೋ ಅಡ್ಡ ಇದೆ. ಸಾಮಾನ್ಯವಾಗಿ ಕೇಬಲ್ ಎಳೆಯುವ ಕ್ಲಚ್ ಆರ್ಮ್ ತಿರುಗಿಕೊಂಡಿರುತ್ತದೆ.

ಕೇಬಲ್, ಆಯಿಲ್, ಮೊದಲ ಓಟ

ಕೇಬಲ್ ಸಿಕ್ಕಿಸಿ. ಲಿವರ್ ಹತ್ತಿರದ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ, ಎಂಜಿನ್ ಹತ್ತಿರದ ಅಡ್ಜಸ್ಟರಿನಿಂದ ಆಟ ಸರಿ ಮಾಡಿ. ಮೇಲಿನದನ್ನು ಮುಂದೆ ಸಣ್ಣಪುಟ್ಟ ಹೊಂದಾಣಿಕೆಗೆ ಉಳಿಸಿಕೊಳ್ಳಿ. ಕೇಬಲಿನ ತುದಿಯಲ್ಲಿ ಒಂದು ಎಳೆ ಬಿಚ್ಚಿಕೊಂಡಿದ್ದರೂ ಈಗಲೇ ಹೊಸದು ಹಾಕಿ. ಔಟರ್ ರಿಂಗ್ ರೋಡಿನ ನಡುವೆ ಅದು ತುಂಡಾದರೆ ಏನು ಪಾಡು ಅಂತ ಹೇಳಬೇಕಿಲ್ಲ.

ಆಯಿಲ್ ಮ್ಯಾನುಯಲ್ ಹೇಳಿದಷ್ಟೇ ಹಾಕಿ. ಬರೀ ಡ್ರೈನ್ ಮಾಡಿದಾಗ ಒಂದು ಅಳತೆ, ಎಂಜಿನ್ ಬಿಚ್ಚಿದಾಗ ಇನ್ನೊಂದು ಅಳತೆ ಇರುತ್ತದೆ. ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟು, ಆಫ್ ಮಾಡಿ, ಲೆವೆಲ್ ನೋಡಿ. ಕವರಿನ ಅಂಚಿನ ಸುತ್ತ ಒಣ ಬಟ್ಟೆ ಎಳೆದು ಜಿನುಗುತ್ತಿದೆಯಾ ಪರೀಕ್ಷಿಸಿ. ಮೆಯಿನ್ ಸ್ಟ್ಯಾಂಡಿನ ಮೇಲೆ, ಚಕ್ರದಿಂದ ಕೈ, ಬಟ್ಟೆ ದೂರ ಇಟ್ಟು ಮತ್ತೆ ಸ್ಟಾರ್ಟ್ ಮಾಡಿ, ಲಿವರ್ ಹಿಡಿದುಕೊಂಡೇ ಮೊದಲ ಗೇರ್ ಹಾಕಿ. ಚಕ್ರ ಸ್ವಲ್ಪ ತಿರುಗಿದರೂ ಹಿಂದಿನ ಬ್ರೇಕ್ ಮುಟ್ಟಿದ ಕೂಡಲೇ ನಿಲ್ಲಬೇಕು, ಎಂಜಿನ್ ಆಫ್ ಆಗಬಾರದು.

ಮೊದಲು ಮನೆ ಹತ್ತಿರದ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಹಾಫ್ ಕ್ಲಚ್ ತೆವಳಾಟ ಆದಷ್ಟೂ ಕಡಿಮೆ ಮಾಡಿ. ಸಿಗ್ನಲ್ಲಿನಲ್ಲಿ ಲಿವರ್ ಹಿಡಿದು ನಿಲ್ಲದೆ ನ್ಯೂಟ್ರಲ್ ಮಾಡಿ. ಓಡುವಾಗ ಬೆರಳುಗಳನ್ನು ಲಿವರ್ ಮೇಲೆ ಒರಗಿಸಬೇಡಿ. ಹೊಸ ಪ್ಲೇಟ್ ಕೂರುತ್ತಾ ಬಂದಂತೆ ಕೇಬಲಿನ ಆಟ ಬದಲಾಗುತ್ತದೆ, ನೂರು ಕಿ.ಮೀ. ಆದ ಮೇಲೆ ಒಮ್ಮೆ ನೋಡಿ ಸರಿ ಮಾಡಿ.

ಎರಡನೇ ಸಲ ಹಾಕಿದ ಆ 540 ರೂಪಾಯಿಯ ಸೆಟ್ ಈಗ 19,000 ಕಿ.ಮೀ. ಓಡಿದೆ. ಹೋದ ತಿಂಗಳು ಟಾಪ್ ಗೇರಿನ ಪರೀಕ್ಷೆ ಮಾಡಿದೆ, ಜಾರುತ್ತಿಲ್ಲ.

ಇಳಿಸಿದ ಕಪ್ಪು ಆಯಿಲ್ ಒಂದು ಉಳಿದಿದೆ. ಅದನ್ನು ಮೋರಿಗೆ ಸುರಿಯಬೇಡಿ. ನಮ್ಮ ಬೀದಿಯ ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ ಹೋಗುತ್ತದೆ. ಬೆಳ್ಳಂದೂರು ಕೆರೆಯ ನೊರೆ ನಾವೆಲ್ಲ ನೋಡಿದ್ದೇವೆ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಮುಚ್ಚಳ ಬಿಗಿ ಮಾಡಿ, ಆಯಿಲ್ ಬದಲಿಸುವ ಗ್ಯಾರೇಜಿಗೆ ಕೊಡಿ. ಅವರ ಹತ್ತಿರ ಡ್ರಮ್ ಇರುತ್ತದೆ, ಮರುಬಳಕೆಗೆ ತೆಗೆದುಕೊಂಡು ಹೋಗುವವರು ಬರುತ್ತಾರೆ. ಮೆಕ್ಯಾನಿಕ್ ಅಣ್ಣನ ಸಾಕೆಟ್ ವಾಪಸ್ ಕೊಡಲು ಹೋದಾಗ ನಾನು ಆ ಡಬ್ಬಿಯನ್ನೂ ಜೊತೆಗೆ ಒಯ್ದು ಕೊಟ್ಟೆ.